ಊರೇ ವರ್ಗವಾದ ಊರಿನಲ್ಲಿ

ನೌಕರಿಯನ್ನು ನಂಬಿ ಬಾಳುವ ಸಂಸಾರಗಳಿಗೆ ‘ವರ್ಗ’ ಎಂಬ ಎರಡಕ್ಷರದಷ್ಟು ಭಯವನ್ನುಂಟುಮಾಡುವ ಮಾತು ಮತ್ತೊಂದಿರಲಾರದು. ಮಗಳ ಪರೀಕ್ಷೆ ಮುಗಿದು, ಅಡಿಗೆಮನೆಗೆ ಸುಣ್ಣಬಣ್ಣವಾಗಿ, ಹಾಲಿನವನೂ ಹೂವಿನವಳೂ ಹೇಳಿದ ಹೊತ್ತಿಗೆ ಬರಲಾರಂಭಿಸಿ, ಇನ್ನು ನಿಶ್ಚಿಂತೆ ಎಂದುಕೊಳ್ಳುವ ವೇಳೆಗೆ ಸರಿಯಾಗಿ ಅದು ಬಂದೆರಗುತ್ತದೆ. 2018ರ ಮೇ ತಿಂಗಳಲ್ಲಿ ನನಗೂ ಹಾಗೆಯೇ ಆಯಿತು. ಮೈಸೂರಿನ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿದ್ದ ನನಗೆ ಅಧಿಕಾರಿಯಾಗಿ ಬಡ್ತಿ ದೊರೆಯಿತು. ಬಡ್ತಿಯ ಬೆನ್ನಿಗೇ ಬೀದರ್ ಜಿಲ್ಲೆಯ ಭಾಲ್ಕಿಗೆ ವರ್ಗವೂ ಆಯಿತು.

ಸುದ್ದಿಯನ್ನು ಕೇಳಿದ ಬಂಧುಗಳ ಮುಖಗಳನ್ನು ವಾಚಕರು ನೋಡಬೇಕಾಗಿತ್ತು. “ಬೀದರಿಗೇ? ಮೇಲಿನವರಿಗೆ ನೀನೇನಯ್ಯ ಅಂಥ ಅಪರಾಧ ಮಾಡಿದೆ?” ಎಂದರು ನಮ್ಮ ದೊಡ್ಡಪ್ಪನವರು. ನೆರೆಮನೆಯ ಅಮ್ಮನವರು ನನ್ನ ಹೆಂಡತಿಯ ಕೈಗಳೆರಡನ್ನೂ ಹಿಡಿದುಕೊಂಡು, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರಿಗೆ ಹೇಳುವ ದನಿಯಲ್ಲಿ, “ಧೈರ್ಯವಾಗಿರಿ, ದಿನಗಳು ಹೇಗೋ ಕಳೆದುಹೋಗುತ್ತವೆ” ಎಂದರು. ಮೂರು ವರ್ಷದ ಅವಧಿ. ಒಂದು ವರ್ಷ ಕಳೆದ ಮೇಲೆ ಕೋರಿಕೆಯ ವರ್ಗಕ್ಕೆ ಅರ್ಜಿ ಹಾಕಿಕೊಳ್ಳಬಹುದು. ಆ ಅರ್ಜಿಯ ಒಕ್ಕಣೆಯನ್ನು ನಾನು ಹೊರಡುವ ಮುನ್ನವೇ ಮನಸ್ಸಿನಲ್ಲಿ ಬರೆದು ಮುಗಿಸಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಹೆಂಡತಿಯಾದರೋ ನನಗಿಂತ ಒಂದು ಹೆಜ್ಜೆ ಮುಂದೆ ಹೋದಳು. ಅವಳ ತಾಯಿ ಮದುವೆಯಲ್ಲಿ ಕೊಟ್ಟಿದ್ದ ಕಬ್ಬಿಣದ ಟ್ರಂಕೊಂದಿತ್ತು. ಅದರ ತುಂಬ ದಸರೆಯ ಗೊಂಬೆಗಳು. ಪಟ್ಟದ ರಾಜ ರಾಣಿ, ದಶಾವತಾರ, ಚೆಟ್ಟಿಯ ಅಂಗಡಿ ಎಲ್ಲವೂ. ಬಾಡಿಗೆಯ ಮನೆಯನ್ನು ಖಾಲಿ ಮಾಡಬೇಕಾದುದರಿಂದ ಅದನ್ನು ಬಿಟ್ಟು ಬರುವಂತಿರಲಿಲ್ಲ. ಹಗ್ಗದಿಂದ ಬಿಗಿದು ಲಾರಿಗೆ ಹಾಕಿಸುತ್ತ ಅವಳು, “ಇದನ್ನು ಅಲ್ಲಿ ಬಿಚ್ಚುವುದಿಲ್ಲ. ಮೈಸೂರಿಗೆ ಹಿಂತಿರುಗಿದ ಮೇಲೆಯೇ ಗೊಂಬೆ ಕೂರಿಸುವುದು” ಎಂದಳು. ನಾನು ಮರುಮಾತಾಡಲಿಲ್ಲ.

ಮೂರು ಪ್ರಶ್ನೆಗಳು

ಮೈಸೂರಿನಿಂದ ಭಾಲ್ಕಿಗೆ ಎಂಟು ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಹೈದರಾಬಾದು ಆ ಊರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ವಿಕಾರಾಬಾದಿನಿಂದ ಪರಳಿಗೆ ಹೋಗುವ ರೈಲುಮಾರ್ಗದ ಮೇಲೆ ಬೀದರ್ ದಾಟಿದ ಮೇಲೆ ಸಿಗುವ ನಿಲ್ದಾಣ ಅದು. ಜೂನ್ ತಿಂಗಳ ಮೊದಲ ಮಳೆ ಬಿದ್ದ ಮುಂಜಾವಿನಲ್ಲಿ ನಾವು ಅಲ್ಲಿ ಇಳಿದೆವು. ಬೀದರಿನ ಕೆಮ್ಮಣ್ಣಿನ ಎತ್ತರದ ನೆಲ ಇಳಿದು, ಎರೆಯ ಬಯಲು ಹರಡಿಕೊಂಡಿತ್ತು. ಹತ್ತು ಹೆಜ್ಜೆ ಇಡುವುದರೊಳಗೆ ನನ್ನ ಬೂಟುಗಳು ಒಂದೊಂದು ಸೇರಿನಷ್ಟು ಕಪ್ಪು ಮಣ್ಣನ್ನು ಮೆತ್ತಿಕೊಂಡವು. ಹತ್ತು ವರ್ಷದ ಮಗಳು ಅದನ್ನು ನೋಡಿ, “ಅಪ್ಪ, ಈ ಊರು ನಿನ್ನನ್ನು ಬಿಡುವುದಿಲ್ಲವಂತೆ” ಎಂದು ನಕ್ಕಳು. ಆಗ ನನಗೆ ನಗು ಬರಲಿಲ್ಲ.

ಕಚೇರಿಯ ಜವಾನನು ಒಂದು ಮನೆ ತೋರಿಸಿದ. ಮನೆಯ ಯಜಮಾನರು ಎಂಬತ್ತು ವರ್ಷದ ವೃದ್ಧರು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿ ನಿವೃತ್ತರಾದವರು. ಓಣಿಯ ಹುಡುಗರೆಲ್ಲ ಅವರನ್ನು ಮುತ್ಯಾ ಎನ್ನುತ್ತಿದ್ದರು. ಅವರು ನಮ್ಮನ್ನು ಕೇಳಿದ್ದು ಮೂರೇ ಪ್ರಶ್ನೆ. “ಎಷ್ಟು ಮಂದಿ ಇದ್ದೀರಿ? ನೀರು ನೋಡಿ ಬಳಸತೀರೇನು? ಎಷ್ಟು ದಿನ ಇರೋರು?” ಮೊದಲೆರಡಕ್ಕೆ ನಾನು ಸರಿಯಾಗಿಯೇ ಉತ್ತರ ಕೊಟ್ಟೆ. ಮೂರನೆಯದಕ್ಕೆ, “ನೋಡಬೇಕು” ಎಂದೆ. ಮುತ್ಯಾ ತಲೆಯಾಡಿಸಿ ಬೀಗದಕೈ ಕೊಟ್ಟರು.

ಹೊಸ ಊರಿನಲ್ಲಿ ಮೊದಲು ಸೋಲುವುದು ನಾಲಿಗೆ. ನಾವೂ ಕನ್ನಡಿಗರು, ಅವರೂ ಕನ್ನಡಿಗರು. ಆದರೆ ಬಾಡಿಗೆ ಅಲ್ಲಿ ಕಿರಾಯಿ, ಕೊಠಡಿ ಖೋಲಿ, ತರಗತಿ ಇಯತ್ತೆ. ಬೆಳಗಿನ ಉಪಾಹಾರಕ್ಕೆ ನಾಷ್ಟಾ ಎನ್ನಬೇಕು. ಇದನ್ನರಿಯದ ನನ್ನ ಹೆಂಡತಿ ಎರಡನೆಯ ದಿನವೇ ಪಕ್ಕದ ಮನೆಯವರನ್ನು ಬಲು ವಿನಯದಿಂದ, “ತಿಂಡಿ ಆಯಿತೆ?” ಎಂದು ವಿಚಾರಿಸಿದಳು. ಆ ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಸೀಮೆಯಲ್ಲಿ ತಿಂಡಿಯೆಂದರೆ ತುರಿಕೆ ಎಂಬುದು ಅವಳಿಗೆ ತಿಳಿದದ್ದು ಒಂದು ವಾರದ ಅನಂತರ! ಅಷ್ಟು ಹೊತ್ತಿಗೆ ಅವಳು ಓಣಿಯ ಎಲ್ಲರ ಯೋಗಕ್ಷೇಮವನ್ನೂ ವಿಚಾರಿಸಿ ಮುಗಿಸಿದ್ದಳು.

ಕಚೇರಿಯಲ್ಲಿ ನನ್ನ ಪಾಡು ಇದಕ್ಕಿಂತ ಉತ್ತಮವಾಗಿರಲಿಲ್ಲ. ಒಬ್ಬ ರೈತ ಕನ್ನಡದಲ್ಲಿ ಮಾತು ಮೊದಲುಮಾಡಿ, ಮರಾಠಿಯಲ್ಲಿ ಮುಂದುವರಿಸಿ, ಲೆಕ್ಕವನ್ನು ದಖನಿ ಉರ್ದುವಿನಲ್ಲಿ ಮುಗಿಸುತ್ತಿದ್ದ. ಹಿಂದೆ ಕುಳಿತವನು ಲಂಬಾಣಿಯಲ್ಲಿ ಹೆಂಡತಿಗೆ ಅದನ್ನೇ ಹೇಳುತ್ತಿದ್ದ. ಅಧಿಕಾರಿಯ ಕುರ್ಚಿಯಲ್ಲಿ ಕುಳಿತ ನಾನು ಜವಾನನ ಮುಖ ನೋಡುವೆನು, ಅವನು ಅನುವಾದಿಸುವನು. ತೊಗರಿ, ಸೋಯಾ, ಉದ್ದು, ಹೆಸರು ಇವುಗಳನ್ನು ಕಿರಾಣಿ ಅಂಗಡಿಯ ಡಬ್ಬಿಗಳಲ್ಲಿ ಮಾತ್ರ ಕಂಡಿದ್ದ ನಾನು, ಅವುಗಳ ಬಿತ್ತನೆಯ ಸಾಲಕ್ಕೆ ರುಜು ಹಾಕಬೇಕಾಗಿತ್ತು.

ಮುತ್ಯಾ ಹೇಳಿದ ವರ್ಗದ ಕಥೆ

ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ನನ್ನ ಸಂಕಟವನ್ನೆಲ್ಲ ಮುತ್ಯಾನವರ ಮುಂದೆ ಹೇಳಿಕೊಂಡೆ. ಚಹದ ಬಟ್ಟಲನ್ನು ಕೆಳಗಿಟ್ಟು ಅವರು ಹೇಳಿದರು:

“ಸಾಹೇಬ್ರ, ನೀವು ಒಂದು ಸಲ ವರ್ಗ ಆಗಿ ಬಂದೀರಿ. ನಾ ಈ ಮನಿ ಬಿಟ್ಟು ಎಲ್ಲೀಗೂ ಹೋಗಿಲ್ಲ. ಆದರೂ ನಂದು ಎಷ್ಟು ಸಲ ವರ್ಗ ಆಗ್ಯಾದ, ಗೊತ್ತದೇನ್ರಿ? ಹುಟ್ಟಿದ್ದು ನಿಜಾಮರ ರಾಜ್ಯದಾಗ. ಮೊದಲ ಅಕ್ಷರ ಕಲ್ತದ್ದು ಉರ್ದುವಿನಾಗ. ಹತ್ತು ವರ್ಷದವ ಇದ್ದಾಗ ಹಿಂದುಸ್ತಾನ ಬಂತು. ಹದಿನೆಂಟಕ್ಕ ಮೈಸೂರು ಬಂತು. ಆಮ್ಯಾಲ ಕರ್ನಾಟಕ. ಬ್ಯಾರೆ ಕಡಿ ಮಂದಿ ವರ್ಗ ಆಗತಾರ. ಇಲ್ಲಿ ಊರೇ ವರ್ಗ ಆಯ್ತು ನೋಡ್ರಿ.”

ಮಾತು ಹಾಸ್ಯದ್ದಾದರೂ ಅದರ ಹಿಂದಿರುವ ಚರಿತ್ರೆ ಹಾಸ್ಯದ್ದಲ್ಲ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡು ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಆ ರಾಜ್ಯವೇ ಮೂರು ಪಾಲಾಯಿತು. ಅದರೊಡನೆ ಬೀದರ್ ಜಿಲ್ಲೆಯೂ ಒಡೆಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ತಾಲ್ಲೂಕುಗಳು ಮೈಸೂರಿಗೆ ಬಂದವು. ಉದಗೀರ್, ನಿಲಂಗಾ, ಅಹಮದಪುರಗಳು ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದಿನ ಕಡೆಯ ಭಾಗ ಆಂಧ್ರಪ್ರದೇಶಕ್ಕೆ ಸೇರಿತು. ಮುತ್ಯಾನವರ ಅಕ್ಕನನ್ನು ಕೊಟ್ಟಿದ್ದದ್ದು ಉದಗೀರಿಗೆ. ರಾತ್ರಿ ಬೆಳಗಾಗುವುದರೊಳಗೆ ತವರುಮನೆ ಒಂದು ರಾಜ್ಯ, ಅತ್ತೆಯ ಮನೆ ಮತ್ತೊಂದು ರಾಜ್ಯ! 1973ರಲ್ಲಿ ಮೈಸೂರು ರಾಜ್ಯವು ಕರ್ನಾಟಕವಾಯಿತು. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ವೆಂಬ ಸೀಮೆಯ ಹೆಸರು ‘ಕಲ್ಯಾಣ ಕರ್ನಾಟಕ’ವಾಯಿತು.

ಉರ್ದುವೇ ಆಡಳಿತದ ಭಾಷೆಯಾಗಿದ್ದ ಆ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು, ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬುದನ್ನು ಆ ಊರಿನವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. 1890ರಲ್ಲಿ ಹುಟ್ಟಿ 1999ರವರೆಗೆ ಬಾಳಿದ ಆ ಹಿರಿಯರ ಮಾತು ಬಂದಾಗಲೆಲ್ಲ ಮುತ್ಯಾನವರು ಕೈಮುಗಿಯುತ್ತಿದ್ದರು. ‘ಇದೆಂಥ ಕನ್ನಡ’ ಎಂದು ಬಾಯಿ ತುದಿಯಲ್ಲಿ ನಗುತ್ತಿದ್ದ ನನಗೆ ಅಂದು ನಾಚಿಕೆಯಾಯಿತು. ನಮಗೆ ಮೈಸೂರಿನಲ್ಲಿ ಕೇಳದೆಯೇ ದೊರೆತ ಭಾಷೆಯನ್ನು, ಅಲ್ಲಿನವರು ಬಾಗಿಲು ಹಾಕಿಕೊಂಡು ಉಳಿಸಿಕೊಂಡಿದ್ದರು.

ಬೀದರಿನ ಭಾನುವಾರಗಳು

ಭಾಲ್ಕಿಯಿಂದ ಬೀದರಿಗೆ ಸುಮಾರು 40 ಕಿಲೋಮೀಟರ್. ಮಗಳ ಕನ್ನಡಕ, ಹೆಂಡತಿಯ ಫಿಲ್ಟರ್ ಕಾಫಿಯ ಪುಡಿ ಎಂದು ಹದಿನೈದು ದಿನಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುವುದು ರೂಢಿಯಾಯಿತು. ಕೆಲಸ ಮುಗಿದ ಮೇಲೆ ಬಸ್ಸಿನ ಹೊತ್ತಿನವರೆಗೆ ಕಾಲ ಕಳೆಯಬೇಕಲ್ಲ? ಹಾಗೆ ಹೊಕ್ಕದ್ದು ಮಹಮೂದ್ ಗವಾನನ ಮದರಸಾವನ್ನು.

ಗವಾನನೂ ಹೊರಗಿನಿಂದ ಬಂದವನೇ. ಪರ್ಷಿಯಾದ ಗಿಲಾನ್ ಸೀಮೆಯವನಾದ ಅವನು 1453ರಲ್ಲಿ ವ್ಯಾಪಾರಿಯಾಗಿ ಬೀದರಿಗೆ ಬಂದ. ನಾಲ್ವತ್ತು ದಾಟಿದ ವಯಸ್ಸು. ಬಹಮನಿ ಅರಸರ ಪ್ರಧಾನಮಂತ್ರಿಯಾಗಿ ಏರಿದ. ಆಗಿನ ಆಸ್ಥಾನದಲ್ಲಿ ‘ಆಫಾಕಿ’ಗಳೆಂಬ ಪರಸ್ಥಳದವರಿಗೂ ‘ದಖನಿ’ಗಳೆಂಬ ಸ್ಥಳೀಕರಿಗೂ ತೀರದ ಕಲಹ. ತಾನು ಪರಸ್ಥಳದವನಾದರೂ ಎರಡು ಕಡೆಯವರಿಗೂ ಅಧಿಕಾರವನ್ನು ಸಮನಾಗಿ ಹಂಚಲು ಅವನು ಯತ್ನಿಸಿದ. 1472ರಲ್ಲಿ ಮೂರಂತಸ್ತಿನ ಆ ವಿದ್ಯಾಲಯವನ್ನು ಕಟ್ಟಿಸಿ ಅದಕ್ಕೊಂದು ದೊಡ್ಡ ಪುಸ್ತಕ ಭಂಡಾರವನ್ನೂ ಒದಗಿಸಿದ. ಆದರೆ 1481ರಲ್ಲಿ, ವೈರಿಗಳು ಸೃಷ್ಟಿಸಿದ ಒಂದು ಕಳ್ಳಪತ್ರವನ್ನು ನಂಬಿ ಸುಲ್ತಾನನು ಅವನಿಗೆ ಮರಣದಂಡನೆ ವಿಧಿಸಿದ. ಮದರಸಾದ ಎದುರಿನ ಎರಡು ಮಿನಾರುಗಳಲ್ಲಿ ಇಂದು ಉಳಿದಿರುವುದು ಒಂದೇ. ಅದರ ಮೇಲೆ ನೀಲಿ ಹೆಂಚುಗಳ ತುಣುಕುಗಳು ಇನ್ನೂ ಹೊಳೆಯುತ್ತವೆ. ಗವಾನನ ಸಮಾಧಿಯೂ ಬೀದರಿನ ಹೊರವಲಯದಲ್ಲಿಯೇ ಇದೆ. 28 ವರ್ಷ ದುಡಿದ ಊರು ಕೊನೆಗೆ ಕೊಂದಿತು ನಿಜ. ಆದರೆ ಬೀದರ್ ಎಂದೊಡನೆ ಜನರ ಬಾಯಿಗೆ ಬರುವುದು ಕೊಲ್ಲಿಸಿದ ಸುಲ್ತಾನನ ಹೆಸರಲ್ಲ, ಅವನದೇ.

ನನ್ನ ಹೆಂಡತಿಯ ಮನಸ್ಸನ್ನು ಹಿಡಿದದ್ದು ಮಾತ್ರ ಮಿನಾರಲ್ಲ, ನೀರು. ನಮ್ಮ ಮನೆಯ ನಲ್ಲಿಯಲ್ಲಿ ನೀರು ಬರುತ್ತಿದ್ದುದು ಕೆಲವು ದಿನಗಳಿಗೊಮ್ಮೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಬೇಳೆ ಬೇಯದೆ ಅವಳು ಸಾಕಾಗಿಹೋಗಿದ್ದಳು. ಅಂಥವಳು ಬೀದರಿನ ನೌಬಾದಿನಲ್ಲಿ ಕರೇಜ್ ಎಂಬ ನೆಲದೊಳಗಿನ ಕಾಲುವೆಯನ್ನು ಕಂಡು ಬೆರಗಾದಳು. ಬಹಮನಿಯರ ಕಾಲದಲ್ಲಿ ಪರ್ಷಿಯಾದ ಪದ್ಧತಿಯಂತೆ ಕೆಮ್ಮಣ್ಣಿನ ಕಲ್ಲನ್ನು ಕೊರೆದು, ಅಂತರ್ಜಲವನ್ನು ಇಳಿಜಾರಿನ ಸುರಂಗದಲ್ಲಿ ಹರಿಯಿಸಿ, ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ತೆಗೆದಿದ್ದಾರೆ. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಬಿದರಿ ಕುಸುರಿಯ ಮೂಲವೂ ಪರ್ಷಿಯಾದ ಕಡೆಯದೆಂದು ಪ್ರತೀತಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಚಿತ್ರ ಕೊರೆದು, ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಕಾಯಿಸಿ ಅದರಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. “ಈ ಮಣ್ಣಿಲ್ಲದೆ ಬಣ್ಣ ಏರಂಗಿಲ್ಲ” ಎಂದು ಅಂಗಡಿಯ ಮುದುಕರೊಬ್ಬರು ಮಗಳಿಗೆ ತಿಳಿಸಿ ಹೇಳಿದರು. ಅವಳು ಮನೆಗೆ ಬಂದು ಅದನ್ನೇ ಶಾಲೆಯ ಪ್ರಬಂಧಕ್ಕೆ ಬರೆದಳು.

ಹೊಲದ ಹಬ್ಬ

2019ರ ಜನವರಿಯ ಮೊದಲ ವಾರದಲ್ಲಿ ಎಳ್ಳ ಅಮಾವಾಸ್ಯೆ ಬಂದಿತು. ಅಂದು ಬೆಳಿಗ್ಗೆ ಅಂಗಡಿಗೆ ಹೋದರೆ ಬಾಗಿಲು ಹಾಕಿದೆ. ಓಣಿಯಲ್ಲಿ ನರಪಿಳ್ಳೆಯಿಲ್ಲ. ಊರಿಗೆ ಊರೇ ಹೊಲಗಳಿಗೆ ಹೊರಟಿತ್ತು. ಮುತ್ಯಾನವರ ಮಗ ಜೀಪು ನಿಲ್ಲಿಸಿ, “ವೈನಿ, ಏನು ನೋಡತೀರಿ? ಹತ್ರಿ!” ಎಂದ. ನಾವೂ ಹತ್ತಿದೆವು.

ತೊಗರಿ, ಕಡಲೆ, ಬಿಳಿಜೋಳ ನಿಂತ ಎರೆಹೊಲದ ನಡುವೆ ಪೂಜೆಯಾಯಿತು. ಚರಗ ಚೆಲ್ಲಿ ಭೂಮಿತಾಯಿಗೆ ಉಣಬಡಿಸಿದರು. ಬಳಿಕ ಮರದಡಿ ಪಂಕ್ತಿ. ಹಸಿಗಾಳು, ಸೊಪ್ಪು, ತರಕಾರಿಗಳನ್ನು ಹಿಟ್ಟಿನೊಡನೆ ಕುದಿಸಿ ಮಾಡುವ ಭಜ್ಜಿ, ರೊಟ್ಟಿ, ಮಡಕೆಯ ತಣ್ಣನೆಯ ಅಂಬಲಿ. ಅಲ್ಲಿ ಕುಳಿತವರಲ್ಲಿ ಎಲ್ಲ ಮತದವರೂ ಇದ್ದರು. ಕರೆದವರೂ ಕರೆಯದವರೂ ಉಂಡರು. “ಇದೇನು, ಗುರುತಿಲ್ಲದವರಿಗೂ ಬಡಿಸುತ್ತೀರಲ್ಲ?” ಎಂದು ನನ್ನ ಹೆಂಡತಿ ಕೇಳಿದಳು. “ಹೊಲದಾಗ ಗುರುತು ಕೇಳಬಾರದು, ತಾಯಿ” ಎಂದರು ಮುತ್ಯಾ. ಹಿಂದಿರುಗುವಾಗ ಅವಳು ಮಾತಾಡಲಿಲ್ಲ. ಆದರೂ ಟ್ರಂಕಿನ ಹಗ್ಗ ಹಾಗೆಯೇ ಇತ್ತು. ನನ್ನ ಅರ್ಜಿಯೂ ಕೈಚೀಲದಲ್ಲಿ ಹಾಗೆಯೇ ಇತ್ತು.

ಔರಾದಿನಲ್ಲಿ ಕೇಳಿದ ಮಾತು

ಮಂಜರಾ ನದಿಯ ಆಚೆ, ಮಹಾರಾಷ್ಟ್ರ ತೆಲಂಗಾಣಗಳ ಗಡಿಗೆ ಅಂಟಿಕೊಂಡಿರುವುದು ಔರಾದ್ ತಾಲ್ಲೂಕು. ತಾಲ್ಲೂಕಿನ ಊರಿಗೆ ರೈಲಿಲ್ಲ. ಅಮರೇಶ್ವರನ ಗುಡಿ, ಶಿವರಾತ್ರಿಯ ಜಾತ್ರೆ, ದೇವಣಿ ತಳಿಯ ದನಗಳು ಅಲ್ಲಿನ ಹೆಮ್ಮೆ. ಆ ಕಡೆಯ ಶಾಖೆಯೊಂದರಲ್ಲಿ ಜನ ಸಾಲದೆ, 2019ರ ಬೇಸಗೆಯಲ್ಲಿ ನನ್ನನ್ನು ವಾರಕ್ಕೆರಡು ದಿನ ಅಲ್ಲಿಗೆ ಕಳುಹಿಸತೊಡಗಿದರು.

ಒಂದು ಮಧ್ಯಾಹ್ನ ರೈತ ಹೆಂಗಸೊಬ್ಬಳು ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಿಸಿ ಮಡಿಸಿ ಹರಿದ ಕಾಗದಗಳು. ಒಂದು ದೇವಣಿ ಹಸುವನ್ನು ಕೊಳ್ಳಲು ಸಾಲ ಬೇಕು. ಕಡತವನ್ನು ತೆಗೆಸಿ ನೋಡಿದೆ. ಅದನ್ನು ಮೂವರು ಅಧಿಕಾರಿಗಳು ಮೂರು ಸಲ ಆರಂಭಿಸಿದ್ದರು. ಪ್ರತಿಯೊಬ್ಬರೂ ಪಹಣಿ ಕೇಳಿದ್ದರು, ಜಾಮೀನು ಕೇಳಿದ್ದರು, ಮುಂದಿನ ವಾರ ಬಾ ಎಂದಿದ್ದರು. ಪ್ರತಿಯೊಬ್ಬರೂ ಮುಂದಿನ ವಾರ ಬರುವುದರೊಳಗೆ, ಇಲ್ಲವೆ ಅದರ ಮುಂದಿನ ತಿಂಗಳು, ವರ್ಗವಾಗಿ ಹೋಗಿದ್ದರು. ಯಾರೂ ಕೆಟ್ಟವರಲ್ಲ, ನನ್ನಂತೆಯೇ ದಿನ ಎಣಿಸುತ್ತಿದ್ದವರು. ನಾಲ್ಕನೆಯವನಾಗಿ ನಾನೂ, “ಹೊಸ ಪಹಣಿ ತಂದಿದ್ದೀಯೇನಮ್ಮ?” ಎಂದೆ.

ಅವಳು ಚೀಲವನ್ನು ಕೊಡದೆ ಹಿಡಿದುಕೊಂಡು, ಸಿಟ್ಟೂ ಇಲ್ಲದ ದನಿಯಲ್ಲಿ ಕೇಳಿದಳು: “ಸಾಹೇಬ್ರ, ಕಾಗದ ನಿಮ್ಮ ಕೈಯಾಗ ಕೊಡಲೇನು, ಇಲ್ಲಾ ಮುಂದಿನ ಸಾಹೇಬ್ರಿಗಿ ಇಟ್ಟಕೊಳ್ಳಲೇನು?”

ನನ್ನ ಕೈಚೀಲದಲ್ಲಿ, ಅವಳಿಂದ ಮೂರು ಅಡಿ ದೂರದಲ್ಲಿ, ವರ್ಗದ ಅರ್ಜಿ ಇತ್ತು. ಅದಕ್ಕೆ ತಾರೀಖು ಹಾಕುವುದೊಂದೇ ಬಾಕಿ.

ಹೋಗುವವನಿಗೆ ಅದು ಒಂದು ವರ್ಷ, ಎರಡು ವರ್ಷ. ಉಳಿಯುವವರಿಗೆ ಪ್ರತಿಸಲವೂ ಮೊದಲಿನಿಂದ ಆರಂಭ. ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಹೊಸ ಪಹಣಿ. ಶಾಲೆಯ ಮೇಷ್ಟರು ಹೋದರೆ ಮಕ್ಕಳಿಗೆ ಹಾಗೆ. ಆಸ್ಪತ್ರೆಯ ಡಾಕ್ಟರು ಹೋದರೆ ರೋಗಿಗಳಿಗೆ ಹಾಗೆ. ಈ ಸೀಮೆಗೆ ಸಂವಿಧಾನದ 371ನೇ ಜೆ ವಿಧಿಯ ಮೂಲಕ ಸ್ಥಳೀಕರಿಗೆ ಉದ್ಯೋಗದಲ್ಲಿ ಮೀಸಲಾತಿ ದೊರೆತದ್ದು ಏಕೆಂಬುದು ನನಗೆ ಅಂದು ಯಾವ ಪುಸ್ತಕದ ಸಹಾಯವೂ ಇಲ್ಲದೆ ಅರ್ಥವಾಯಿತು.

“ನನ್ನ ಕೈಯಲ್ಲೇ ಕೊಡು” ಎಂದೆ. ಸಾಲ ಮಂಜೂರಾಗಲು ಮತ್ತೂ ಎರಡು ತಿಂಗಳು ಹಿಡಿಯಿತು. ಆದರೆ ಆ ಕಡತ ಐದನೆಯ ಕೈಗೆ ಹೋಗಲಿಲ್ಲ.

ಹಗ್ಗ ಬಿಚ್ಚಿದ್ದು

ಅರ್ಜಿ ಕೊಡಲಿಲ್ಲವೆಂದು ಹೆಂಡತಿಗೆ ಹೇಳಿದ ರಾತ್ರಿ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಅವಳ ಮೌನಕ್ಕೆ ಕಾರಣವಿತ್ತು. ಮೈಸೂರಿನಲ್ಲಿ ಅವಳ ತಾಯಿಗೆ ವಯಸ್ಸಾಗಿತ್ತು. ಎಂಟು ನೂರು ಕಿಲೋಮೀಟರು ನನ್ನ ಒಳ್ಳೆಯತನದಿಂದ ಕಡಿಮೆಯಾಗುವಂಥದಲ್ಲ. “ನಿಮ್ಮ ಕಡತ ಮುಗಿಯಿತು, ನನ್ನದು?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ಅವಳೇ ಹುಡುಕಿಕೊಂಡಳು. ಓಣಿಯ ಹತ್ತನೆಯ ಇಯತ್ತೆಯ ಹೆಣ್ಣುಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬರತೊಡಗಿದ್ದರು. ಮೊದಲು ಇಬ್ಬರು, ಅನಂತರ ಒಂಬತ್ತು ಮಂದಿ. ಆ ವರ್ಷದ ನವರಾತ್ರಿಯ ಹಿಂದಿನ ದಿನ ಆ ಹುಡುಗಿಯರಲ್ಲೊಬ್ಬಳು ಮೂಲೆಯ ಟ್ರಂಕಿನ ಮೇಲೆ ಕುಳಿತು, “ಇದರಾಗ ಏನದರೀ ಅಕ್ಕಾ?” ಎಂದಳು. ನಾನು ಸಂಜೆ ಮನೆಗೆ ಬಂದಾಗ ಹಗ್ಗ ನೆಲದ ಮೇಲಿತ್ತು. ಮೇಜು, ಸ್ಟೂಲು, ಮಗಳ ಪುಸ್ತಕದ ಪೆಟ್ಟಿಗೆ ಎಲ್ಲವೂ ಮೆಟ್ಟಿಲುಗಳಾಗಿದ್ದವು. ಮೈಸೂರಿನ ಪಟ್ಟದ ರಾಜ ರಾಣಿಯರು ಭಾಲ್ಕಿಯ ಖೋಲಿಯಲ್ಲಿ ಒಡ್ಡೋಲಗ ನಡೆಸಿದ್ದರು. ಒಂಬತ್ತು ದಿನವೂ ಮನೆ ತುಂಬ ಹೆಂಗಸರು ಮಕ್ಕಳು. ದಸರೆಯಂದು ಓಣಿಯವರೆಲ್ಲ ಬಂದು ಬನ್ನಿ ಕೊಟ್ಟು, ಬಂಗಾರದಂತಿರೋಣ ಎಂದು ಹರಸಿ ಹೋದರು.

ಎಲ್ಲವೂ ಸುಖವಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ರೈಲು ಬಸ್ಸುಗಳು ನಿಂತವು. ಎಷ್ಟೋ ತಿಂಗಳು ಅವಳು ತಾಯಿಯ ಮುಖವನ್ನು ಫೋನಿನಲ್ಲಿ ಮಾತ್ರ ಕಂಡಳು. ಆ ದಿನಗಳಲ್ಲಿ ಮುತ್ಯಾನವರ ಮನೆಯಿಂದ ರೊಟ್ಟಿ, ಶೇಂಗಾ ಹಿಂಡಿ ತಪ್ಪದೆ ಬರುತ್ತಿದ್ದವು. ಅದು ತಾಯಿಯ ಮುಖಕ್ಕೆ ಸಮನಲ್ಲ. ಆದರೂ ಅದಿಲ್ಲದಿದ್ದರೆ ನಾವು ಏನಾಗುತ್ತಿದ್ದೆವೋ ತಿಳಿಯದು.

ಮೂರು ವರ್ಷದ ಅವಧಿ ಮುಗಿದ ಮೇಲೂ ಮಗಳ ಓದಿಗಾಗಿ ಒಂದು ವರ್ಷ ಕೇಳಿ ಪಡೆದು ಅಲ್ಲಿಯೇ ಉಳಿದೆವು. 2022ರಲ್ಲಿ ಹೊರಡುವಾಗ ನನ್ನ ಸ್ಥಾನಕ್ಕೆ ಬರುವವರಿಗಾಗಿ ಒಂದು ನೋಟುಪುಸ್ತಕ ಬರೆದಿಟ್ಟೆ. ಅರ್ಧದಲ್ಲಿ ನಿಂತಿರುವ ಕಡತಗಳು ಯಾವುವು, ಯಾರು ಎಷ್ಟು ಸಲ ಬಂದು ಹೋಗಿದ್ದಾರೆ, ಯಾವ ಹಳ್ಳಿಗೆ ಮಳೆಗಾಲದಲ್ಲಿ ಬಸ್ಸಿಲ್ಲ, ತಿಂಡಿಗೆ ನಾಷ್ಟಾ ಎನ್ನಬೇಕು — ಎಲ್ಲವೂ ಅದರಲ್ಲಿತ್ತು.

ಹದಿನೈದು ದಿನದ ಮೇಲೆ ದಕ್ಷಿಣದ ಜಿಲ್ಲೆಯಿಂದ ಬಂದಿದ್ದ ಆ ತರುಣ ಅಧಿಕಾರಿಯ ಫೋನು ಬಂದಿತು. “ಸಾರ್, ನೀವಿದ್ದ ಮನೆಯೇ ಸಿಕ್ಕಿದೆ. ಆದರೆ ಆ ಯಜಮಾನರು ನಾನು ಎಷ್ಟು ದಿನ ಇರುತ್ತೇನೆಂದು ಕೇಳುತ್ತಿದ್ದಾರೆ. ಏನು ಹೇಳಲಿ?”

“ಇರುವಷ್ಟು ದಿನವೂ ಇಲ್ಲಿಯೇ ಇರುತ್ತೇನೆ ಎಂದು ಹೇಳಿ” ಎಂದೆ. ಮಾತು ಅವರಿಗೆ ಆಗ ತಿಳಿಯಿತೋ ಇಲ್ಲವೋ! ಮುತ್ಯಾನವರಿಗೆ ಮಾತ್ರ ಖಂಡಿತ ತಿಳಿದಿರಬೇಕು. ಬೀಗದಕೈಯನ್ನು ಅಂದೇ ಕೊಟ್ಟರಂತೆ.